ಪ್ರೌಢಶಾಲಾ ರಸಾಯನಶಾಸ್ತ್ರದ ಡಿಜಿಟಲ್ ಕಲಿಕಾ ಸಾಮಗ್ರಿ

ಪ್ರೌಢಶಾಲಾ ರಸಾಯನಶಾಸ್ತ್ರದ ಡಿಜಿಟಲ್ ಕಲಿಕಾ ಸಾಮಗ್ರಿ ಎಂಬುದು ಎಂಟರಿಂದ ಹತ್ತನೆಯ ತರಗತಿಯವರೆಗಿನ ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರವನ್ನು ತಿಳಿಸಲು ಗಣಕಯಂತ್ರ, ಮೊಬೈಲ್ ಅಥವಾ ದೂರದರ್ಶನದ ಪರದೆಯ ಮೂಲಕ ಬಳಸುವ ಪಠ್ಯ, ಚಿತ್ರ, ಧ್ವನಿಮುದ್ರಣ, ವಿಡಿಯೊ, ಅನಿಮೇಶನ್, ಸಿಮ್ಯುಲೇಶನ್ ಹಾಗೂ ಅಭ್ಯಾಸಪ್ರಶ್ನೆಗಳಿಗೆ ಇರುವ ಒಟ್ಟು ಹೆಸರು. ಕರ್ನಾಟಕದಲ್ಲಿ ಈ ತರಗತಿಗಳಿಗೆ ರಸಾಯನಶಾಸ್ತ್ರವು ಪ್ರತ್ಯೇಕ ವಿಷಯವಲ್ಲ. ಭೌತಶಾಸ್ತ್ರ ಮತ್ತು ಜೀವಶಾಸ್ತ್ರದೊಂದಿಗೆ ಸೇರಿ ‘ವಿಜ್ಞಾನ’ ಎಂಬ ಒಂದೇ ಪಠ್ಯದಲ್ಲಿ ಬರುತ್ತದೆ. ಆದುದರಿಂದ ಜೀವಶಾಸ್ತ್ರವನ್ನು ಓದಿ ಬಂದ ಶಿಕ್ಷಕರು ಪರಮಾಣು ರಚನೆಯನ್ನೂ, ಗಣಿತದ ಶಿಕ್ಷಕರು ಆಮ್ಲ-ಪ್ರತ್ಯಾಮ್ಲಗಳನ್ನೂ ಪಾಠ ಮಾಡಬೇಕಾದ ಸಂದರ್ಭಗಳು ಸಾಮಾನ್ಯ. ಇಂತಹ ಸಾಮಗ್ರಿಯ ಪ್ರಯೋಜನ ವಿದ್ಯಾರ್ಥಿಗೆ ಎಷ್ಟಿದೆಯೋ ಶಿಕ್ಷಕರಿಗೂ ಅಷ್ಟೇ ಇದೆ.

ಈ ಲೇಖನವು ಕನ್ನಡ ಮಾಧ್ಯಮದ ಶಾಲೆಗಳಿಗಾಗಿ ಇಂತಹ ಸಾಮಗ್ರಿಯನ್ನು ಸಿದ್ಧಪಡಿಸುವ ಕ್ರಮ, ಅದರಲ್ಲಿ ಎದುರಾಗುವ ಭಾಷಿಕ ಮತ್ತು ತಾಂತ್ರಿಕ ತೊಡಕುಗಳು ಹಾಗೂ ಕರ್ನಾಟಕದಲ್ಲಿ ನಡೆದಿರುವ ಪ್ರಯತ್ನಗಳನ್ನು ಕುರಿತದ್ದು. ಉದಾಹರಣೆಗಳನ್ನು ಹೆಚ್ಚಾಗಿ ಉಡುಪಿ ಜಿಲ್ಲೆಯ ಕುಂದಾಪುರ ಸಮೀಪದ ಕೋಡಿ ಮತ್ತು ಸುತ್ತಲಿನ ಕರಾವಳಿಯಿಂದ ಆಯ್ದುಕೊಳ್ಳಲಾಗಿದೆ.

ಹಿನ್ನೆಲೆ

ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವ ಕೆಲಸ ಗಣಕಯಂತ್ರಕ್ಕಿಂತ ಬಹಳ ಹಳೆಯದು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಕುಂದಾಪುರದ ನೆರೆಯ ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ‘ಬಾಲ ಪ್ರಪಂಚ’ ಮತ್ತು ‘ವಿಜ್ಞಾನ ಪ್ರಪಂಚ’ ಸಂಪುಟಗಳನ್ನು ಏಕಾಂಗಿಯಾಗಿ ರಚಿಸಿ, ಚಿತ್ರ ಮತ್ತು ಸರಳ ಗದ್ಯದ ಮೂಲಕ ವಿಜ್ಞಾನವನ್ನು ಮನೆಗಳಿಗೆ ತಲುಪಿಸಿದರು. ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ಜೆ. ಆರ್. ಲಕ್ಷ್ಮಣರಾವ್ ಅವರ ಬರಹಗಳೂ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಪತ್ರಿಕೆಯೂ ಪ್ರೌಢಶಾಲೆಯ ಓದುಗರಿಗೆ ಬೇಕಾದ ಪರಿಭಾಷೆಯನ್ನು ಬಳಸಿ ಬಳಸಿ ಹದಗೊಳಿಸಿದವು. ಇಂದು ಡಿಜಿಟಲ್ ಪಾಠ ಬರೆಯುವವರು ಹೊಸದಾಗಿ ಪದ ಕಟ್ಟಲು ಹೊರಡುವ ಮೊದಲು ಈ ಹಳೆಯ ಪುಸ್ತಕಗಳ ಪುಟ ತಿರುವುವುದು ಒಳಿತು. ಬೇಕಾದ ಪದವು ಅಲ್ಲಿ ಅನೇಕ ವೇಳೆ ಸಿದ್ಧವಾಗಿಯೇ ಇರುತ್ತದೆ.

ಜಾಗತಿಕವಾಗಿ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಹೆಸರು 2002ರಲ್ಲಿ ಯುನೆಸ್ಕೋ ಸಭೆಯೊಂದರಲ್ಲಿ ರೂಢಿಗೆ ಬಂದಿತು. ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ, ಅನುವಾದಿಸಿ ಮತ್ತೆ ಹಂಚಬಹುದಾದ ಪಾಠಸಾಮಗ್ರಿ ಎಂಬುದು ಅದರ ಅರ್ಥ. ಅದೇ ವರ್ಷ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ಕಾರ್ಲ್ ವೀಮನ್ ಅವರು ‘ಫೆಟ್’ ಎಂಬ ಸಿಮ್ಯುಲೇಶನ್ ಯೋಜನೆಯನ್ನು ಆರಂಭಿಸಿದರು. ಇದರ ಸಿಮ್ಯುಲೇಶನ್‌ಗಳಲ್ಲಿ ಕೆಲವು ಸ್ವಯಂಸೇವಕರ ಅನುವಾದದಿಂದ ಕನ್ನಡದಲ್ಲಿಯೂ ದೊರೆಯುತ್ತವೆ.

ಕರ್ನಾಟಕದಲ್ಲಿನ ಪ್ರಯತ್ನಗಳು

ಸರಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳು 2000ದ ದಶಕದ ಆರಂಭದಲ್ಲಿ ‘ಮಾಹಿತಿ ಸಿಂಧು’ ಮುಂತಾದ ಯೋಜನೆಗಳ ಮೂಲಕ ಬಂದವು. ಯಂತ್ರಗಳು ಮೊದಲು ಬಂದು ಕನ್ನಡದ ಪಾಠಗಳು ಬಹಳ ತಡವಾಗಿ ಬಂದವು ಎಂಬುದನ್ನು ಇಲ್ಲಿ ಹೇಳಲೇಬೇಕು.

ಈ ಕೊರತೆಯನ್ನು ಶಿಕ್ಷಕರಿಂದಲೇ ತುಂಬಿಸುವ ಪ್ರಯತ್ನವೆಂದರೆ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಯೋಜನೆ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ), ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ ಮತ್ತು ಬೆಂಗಳೂರಿನ ಸ್ವಯಂಸೇವಾ ಸಂಸ್ಥೆ ಐಟಿ ಫಾರ್ ಚೇಂಜ್ ಇವು ಸೇರಿ 2013ರಲ್ಲಿ ಇದನ್ನು ಆರಂಭಿಸಿದವು. ಇದಕ್ಕೆ ಮುನ್ನ ನಡೆಯುತ್ತಿದ್ದ ‘ವಿಷಯ ಶಿಕ್ಷಕರ ವೇದಿಕೆ’ ಎಂಬ ತರಬೇತಿ ಕಾರ್ಯಕ್ರಮದಲ್ಲಿ ಗಣಿತ, ವಿಜ್ಞಾನ ಮತ್ತು ಸಮಾಜವಿಜ್ಞಾನದ ಶಿಕ್ಷಕರು ಮುಕ್ತ ತಂತ್ರಾಂಶಗಳನ್ನು ಬಳಸಿ ಪಾಠ ರಚಿಸುವುದನ್ನು ಕಲಿತಿದ್ದರು. ವಿಕಿಪೀಡಿಯ ಬಳಸುವ ಮೀಡಿಯಾವಿಕಿ ತಂತ್ರಾಂಶದ ಮೇಲೆಯೇ ಈ ತಾಣವೂ ನಿಂತಿದೆ. ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಪುಟಗಳಿವೆ. ಪ್ರತಿಯೊಂದು ಪಾಠಕ್ಕೂ ಪರಿಕಲ್ಪನಾ ನಕ್ಷೆ, ಬೋಧನೆಯ ರೂಪುರೇಷೆ, ಶಿಕ್ಷಕರಿಗೆ ಟಿಪ್ಪಣಿ, ಚಟುವಟಿಕೆ ಮತ್ತು ಹೆಚ್ಚಿನ ಮಾಹಿತಿ ಎಂಬ ಭಾಗಗಳಿರುತ್ತವೆ. ಸಾಮಗ್ರಿಯನ್ನು ಹೊರಗಿನ ತಜ್ಞರು ತಯಾರಿಸಿ ಶಾಲೆಗೆ ಕಳುಹಿಸುವ ಬದಲು, ತರಗತಿಯ ಒಳಗಿರುವವರೇ ಬರೆದು, ಪರಸ್ಪರ ತಿದ್ದಿ, ಬಳಸಬೇಕು ಎಂಬುದು ಇದರ ಹಿಂದಿನ ವಿಚಾರ.

ಕೇಂದ್ರ ಸರಕಾರದ ‘ದೀಕ್ಷಾ’ ವೇದಿಕೆ 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದು, ಉದ್ಘಾಟನೆಗೊಂಡಿತು. ಪಠ್ಯಪುಸ್ತಕದ ಅಧ್ಯಾಯದಲ್ಲಿ ಮುದ್ರಿಸಿರುವ ಕ್ಯೂಆರ್ ಸಂಕೇತವನ್ನು ಮೊಬೈಲಿನಿಂದ ಓದಿಸಿದರೆ ಆ ಅಧ್ಯಾಯಕ್ಕೆ ಸಂಬಂಧಿಸಿದ ವಿಡಿಯೊ ಅಥವಾ ಪ್ರಶ್ನೆಗಳು ತೆರೆದುಕೊಳ್ಳುತ್ತವೆ. 2020ರಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸೇತುಬಂಧ’, ಅನಂತರ ‘ಸಂವೇದ’ ಎಂಬ ಪಾಠಸರಣಿಗಳು ಪ್ರಸಾರವಾದವು. ಇಂಟರ್ನೆಟ್ ಸಂಪರ್ಕ ದುರ್ಬಲವಾಗಿದ್ದ ಹಳ್ಳಿಗಳಲ್ಲಿ ಈ ದೂರದರ್ಶನ ಪಾಠಗಳು ಮೊಬೈಲ್ ಪಾಠಗಳಿಗಿಂತ ಹೆಚ್ಚು ಜನರನ್ನು ಮುಟ್ಟಬಲ್ಲವಾಗಿದ್ದವು.

ರಸಾಯನಶಾಸ್ತ್ರದ ವಿಶೇಷ ತೊಡಕು

ಗ್ಲ್ಯಾಸ್ಗೋದ ರಸಾಯನಶಾಸ್ತ್ರ ಶಿಕ್ಷಣತಜ್ಞ ಅಲೆಕ್ಸ್ ಜಾನ್‌ಸ್ಟನ್ ಅವರು ಈ ವಿಷಯವು ವಿದ್ಯಾರ್ಥಿಗೆ ಏಕೆ ಕಠಿಣವಾಗುತ್ತದೆ ಎಂಬುದನ್ನು ಒಂದು ತ್ರಿಕೋನದ ಮೂಲಕ ವಿವರಿಸಿದರು. ತ್ರಿಕೋನದ ಒಂದು ಮೂಲೆಯಲ್ಲಿ ಕಣ್ಣಿಗೆ ಕಾಣುವ ವಸ್ತುವಿದೆ. ಎರಡನೆಯದರಲ್ಲಿ ಕಾಣದ ಪರಮಾಣು, ಅಣು, ಅಯಾನುಗಳಿವೆ. ಮೂರನೆಯದರಲ್ಲಿ ಸಂಕೇತ, ಸೂತ್ರ, ಸಮೀಕರಣಗಳಿವೆ. ಪಾಠ ಮಾಡುವವರು ಒಂದೇ ವಾಕ್ಯದಲ್ಲಿ ಈ ಮೂರು ಮೂಲೆಗಳಿಗೂ ಹಾರಿಬಿಡುತ್ತಾರೆ. ಕೇಳುವ ವಿದ್ಯಾರ್ಥಿ ಮೊದಲನೆಯ ಮೂಲೆಯಲ್ಲಿಯೇ ಉಳಿದಿರುತ್ತಾನೆ.

ಪರದೆಯ ಸಾಮರ್ಥ್ಯ ಇರುವುದು ಎರಡನೆಯ ಮೂಲೆಯಲ್ಲಿ. ಕಪ್ಪುಹಲಗೆಯ ಮೇಲೆ ಅಣುಗಳ ಚಲನೆಯನ್ನು ತೋರಿಸಲಾಗದು, ಅನಿಮೇಶನ್‌ನಲ್ಲಿ ತೋರಿಸಬಹುದು. ಆದರೆ ತಪ್ಪು ಹುಟ್ಟುವುದೂ ಅಲ್ಲಿಯೇ. ನೀರು ಕುದಿಯುವಾಗ ಏಳುವ ಗುಳ್ಳೆಯೊಳಗೆ ಏನಿದೆ ಎಂದು ಕೇಳಿದರೆ ಅನೇಕ ವಿದ್ಯಾರ್ಥಿಗಳು ‘ಜಲಜನಕ ಮತ್ತು ಆಮ್ಲಜನಕ’ ಎನ್ನುತ್ತಾರೆ. ಅಲ್ಲಿರುವುದು ನೀರಿನ ಆವಿ. ಅಣುಗಳು ಒಡೆದಿಲ್ಲ, ದೂರ ಸರಿದಿವೆ ಅಷ್ಟೆ. ಅಣುಗಳು ಛಿದ್ರವಾಗಿ ಹಾರುವಂತೆ ಚಿತ್ರಿಸಿದ ಅನಿಮೇಶನ್ ಈ ತಪ್ಪನ್ನು ಗಟ್ಟಿ ಮಾಡುತ್ತದೆ. ಅಡುಗೆ ಉಪ್ಪು ನೀರಿನಲ್ಲಿ ಕರಗುವುದನ್ನು ತೋರಿಸುವಾಗ ಸೋಡಿಯಂ ಮತ್ತು ಕ್ಲೋರಿನ್ ಜೋಡಿ ಜೋಡಿಯಾಗಿ ತೇಲುವಂತೆ ಬಿಡಿಸುವುದೂ ತಪ್ಪೇ. ಕರಗಿದ ಮೇಲೆ ಅವು ಬಿಡಿ ಅಯಾನುಗಳಾಗಿ, ಪ್ರತಿಯೊಂದರ ಸುತ್ತಲೂ ನೀರಿನ ಅಣುಗಳು ಮುತ್ತಿಕೊಂಡಂತೆ ಇರುತ್ತವೆ. ತಾಮ್ರದ ಪರಮಾಣುವಿಗೆ ಕೆಂಪು ಬಣ್ಣ, ಗಂಧಕದ ಪರಮಾಣುವಿಗೆ ಹಳದಿ ಬಣ್ಣ ಹಚ್ಚಿದರೆ, ‘ಈ ಬಣ್ಣ ಗುರುತಿಗಾಗಿ ಮಾತ್ರ, ಒಂಟಿ ಪರಮಾಣುವಿಗೆ ಬಣ್ಣವಿಲ್ಲ’ ಎಂಬ ಒಂದು ಸಾಲು ಪರದೆಯ ಮೇಲೆ ಇರಲೇಬೇಕು.

ಆದ್ದರಿಂದ ಒಳ್ಳೆಯ ಪಾಠವು ಮೂರು ಮೂಲೆಗಳನ್ನೂ ಒಂದರ ಪಕ್ಕ ಒಂದರಂತೆ ಇರಿಸಿ, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಹೇಳಿ ಹೋಗುತ್ತದೆ. ಫೆಟ್‌ನ ಸಮೀಕರಣ ಸರಿದೂಗಿಸುವ ಸಿಮ್ಯುಲೇಶನ್ ಇದಕ್ಕೆ ಮಾದರಿ. ಅಮೋನಿಯದ ತಯಾರಿಕೆ, ನೀರಿನ ವಿಭಜನೆ, ಮೀಥೇನಿನ ದಹನ ಎಂಬ ಮೂರು ಕ್ರಿಯೆಗಳಲ್ಲಿ ವಿದ್ಯಾರ್ಥಿಯು ಸಂಖ್ಯೆಯನ್ನು ಬದಲಿಸಿದಂತೆಲ್ಲ ಅಣುಗಳ ಚಿತ್ರವೂ ಬದಲಾಗುತ್ತದೆ. ಎರಡೂ ಬದಿಯ ಪರಮಾಣುಗಳು ಸಮವಾದಾಗ ಮಾತ್ರ ಸಮೀಕರಣ ಸರಿದೂಗುತ್ತದೆ.

ಪದಗಳ ಸಮಸ್ಯೆ

ಕನ್ನಡ ಮಾಧ್ಯಮದ ಪಾಠದಲ್ಲಿ ತೊಡಕು ಹೆಚ್ಚಾಗಿ ಪದದಿಂದಲೇ ಆರಂಭವಾಗುತ್ತದೆ. ಒಂಬತ್ತನೆಯ ತರಗತಿಯ ಮೊದಲ ಅಧ್ಯಾಯಗಳಲ್ಲಿ ವಿದ್ಯಾರ್ಥಿಯು ದ್ರವ, ದ್ರವ್ಯ, ದ್ರಾವಣ, ದ್ರಾವಕ, ದ್ರಾವ್ಯ, ದ್ರವ್ಯರಾಶಿ ಎಂಬ ಆರು ಪದಗಳನ್ನು ಕೆಲವೇ ವಾರಗಳ ಅಂತರದಲ್ಲಿ ಎದುರಿಸುತ್ತಾನೆ. ಹರಿಯುವ ವಸ್ತು ದ್ರವ, ಜಾಗವನ್ನು ಆಕ್ರಮಿಸುವ, ತೂಕವುಳ್ಳ ಎಲ್ಲವೂ ದ್ರವ್ಯ, ಕರಗುವುದು ದ್ರಾವ್ಯ, ಕರಗಿಸುವುದು ದ್ರಾವಕ, ಎರಡೂ ಸೇರಿ ಆದದ್ದು ದ್ರಾವಣ. ಮುದ್ರಿತ ಪುಟದಲ್ಲಿ ಈ ಪದಗಳನ್ನು ನಿಧಾನವಾಗಿ ನೋಡಬಹುದು. ವಿಡಿಯೊದಲ್ಲಿ ಅವು ಕಿವಿಯ ಮೇಲೆ ಬಿದ್ದು ಹಾರಿಹೋಗುತ್ತವೆ. ಹೀಗಾಗಿ ಧ್ವನಿಪಾಠದಲ್ಲಿ ಇಂತಹ ಪದ ಮೊದಲ ಬಾರಿ ಬಂದಾಗ ಅದನ್ನು ಪರದೆಯ ಮೇಲೆ ದೊಡ್ಡದಾಗಿ ಬರೆದು, ‘ಉಪ್ಪು ದ್ರಾವ್ಯ, ನೀರು ದ್ರಾವಕ, ಉಪ್ಪುನೀರು ದ್ರಾವಣ’ ಎಂಬಂತೆ ಪರಿಚಿತ ವಸ್ತುವಿಗೆ ಕಟ್ಟಿಹಾಕಬೇಕು. ಭಾಷಾ ಶಿಕ್ಷಕರ ದೃಷ್ಟಿಯಲ್ಲಿ ಇವೆಲ್ಲವೂ ಸಂಸ್ಕೃತದ ‘ದ್ರು’ ಎಂಬ ಒಂದೇ ಧಾತುವಿನ ಸಂತಾನ. ಆ ನಂಟನ್ನು ತಿಳಿಸಿದರೆ ಪದಗಳು ನೆನಪಿನಲ್ಲಿ ನಿಲ್ಲುತ್ತವೆ. ವಿಜ್ಞಾನದ ಪಾಠದಲ್ಲಿ ವ್ಯಾಕರಣವೇಕೆ ಎಂದು ಹಿಂಜರಿಯಬೇಕಾಗಿಲ್ಲ.

ದಿನಬಳಕೆಯ ಅರ್ಥವೇ ಅಡ್ಡಬರುವ ಪದಗಳು ಇನ್ನೊಂದು ಬಗೆ. ಅಂಗಡಿಯಲ್ಲಿ ‘ಶುದ್ಧ ಹಾಲು’ ಎಂದರೆ ನೀರು ಬೆರೆಸದ ಹಾಲು; ರಸಾಯನಶಾಸ್ತ್ರಕ್ಕೆ ಹಾಲು ಎಷ್ಟೇ ಶುದ್ಧವಾಗಿದ್ದರೂ ಮಿಶ್ರಣವೇ. ‘ಉಪ್ಪು’ ಎಂದರೆ ಅಡುಗೆಮನೆಯಲ್ಲಿ ಒಂದೇ ವಸ್ತು. ‘ಲವಣ’ ಎಂಬುದು ಮೈಲುತುತ್ತ, ಅಡುಗೆ ಸೋಡ, ಸುಣ್ಣಕಲ್ಲು ಎಲ್ಲವನ್ನೂ ಒಳಗೊಂಡ ದೊಡ್ಡ ಕುಟುಂಬ. ‘ಇಂಗಾಲ’ ಎಂಬ ಪದಕ್ಕೆ ಮೂಲದಲ್ಲಿ ಕೆಂಡ, ಇದ್ದಿಲು ಎಂಬ ಅರ್ಥವಿರುವುದರಿಂದ ವಜ್ರವೂ ಇಂಗಾಲವೆಂದಾಗ ವಿದ್ಯಾರ್ಥಿ ನಗುತ್ತಾನೆ. ಆ ನಗುವನ್ನು ಪಾಠದ ಆರಂಭವಾಗಿ ಬಳಸಿಕೊಳ್ಳಬಹುದು.

‘ಆಮ್ಲಜನಕ’ ಎಂಬ ಪದದ ಕಥೆ ಸ್ವಲ್ಪ ವಿಸ್ತಾರವಾಗಿ ಹೇಳತಕ್ಕದ್ದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಲವಾಸಿಯೆ ಈ ಅನಿಲಕ್ಕೆ ಗ್ರೀಕ್ ಮೂಲದಿಂದ ‘ಹುಳಿಯನ್ನು ಹುಟ್ಟಿಸುವುದು’ ಎಂಬ ಅರ್ಥದ ಹೆಸರನ್ನಿಟ್ಟನು. ಎಲ್ಲ ಆಮ್ಲಗಳಲ್ಲಿಯೂ ಇದು ಇರುತ್ತದೆಂದು ಅವನು ನಂಬಿದ್ದನು. 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಕ್ಲೋರಿನ್ ಒಂದು ಧಾತುವೆಂದೂ, ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲವೆಂದೂ ತೋರಿಸಿದನು. ಹುಳಿಗುಣಕ್ಕೆ ಕಾರಣವಾದುದು ಜಲಜನಕದ ಅಯಾನು. ಯುರೋಪಿನ ಭಾಷೆಗಳಲ್ಲಿ ಆ ಹಳೆಯ ತಪ್ಪು ಗ್ರೀಕ್ ಪದದೊಳಗೆ ಮರೆಯಾಗಿದೆ. ಕನ್ನಡದಲ್ಲಿ ಅದನ್ನು ಅರ್ಥಸಹಿತ ಅನುವಾದ ಮಾಡಿದುದರಿಂದ ಪದವೇ ಬಾಯಿ ಬಿಟ್ಟು ತಪ್ಪು ಹೇಳುತ್ತದೆ. ಹತ್ತನೆಯ ತರಗತಿಯಲ್ಲಿ ಆಮ್ಲಗಳ ಪಾಠ ಓದುವ ವಿದ್ಯಾರ್ಥಿಯು ‘ಆಮ್ಲಕ್ಕೆ ಕಾರಣ ಆಮ್ಲಜನಕ’ ಎಂದು ಬರೆದರೆ ಅವನ ತರ್ಕದಲ್ಲಿ ದೋಷವಿಲ್ಲ, ದೋಷವಿರುವುದು ಹೆಸರಿನಲ್ಲಿ. ಆಮ್ಲಗಳ ಕುರಿತ ಯಾವುದೇ ಕನ್ನಡ ಪಾಠದಲ್ಲಿ ಇದಕ್ಕೊಂದು ಚಿಕ್ಕ ವಿವರಣೆ ಇರುವುದು ಅವಶ್ಯ. ಅನುವಾದಿತ ಪಾಠಗಳಲ್ಲಿ ಇದು ಕಾಣಸಿಗದು, ಏಕೆಂದರೆ ಮೂಲಭಾಷೆಯಲ್ಲಿ ಈ ಸಮಸ್ಯೆಯೇ ಇಲ್ಲ.

ಹಳೆಯ ಪುಸ್ತಕಗಳಲ್ಲಿ ಆಮ್ಲಜನಕ, ಜಲಜನಕ, ಸಾರಜನಕ, ಇಂಗಾಲ ಎಂಬ ರೂಪಗಳಿದ್ದರೆ, ಇಂದಿನ ಹತ್ತನೆಯ ತರಗತಿಯಲ್ಲಿ ಅಧ್ಯಾಯದ ಹೆಸರೇ ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’. ಮನೆಯಲ್ಲಿ ಅಜ್ಜ ಹೇಳುವ ಪದ ಬೇರೆ, ಪುಸ್ತಕದ ಪದ ಬೇರೆ, ಪಿಯುಸಿಗೆ ಹೋದ ಮೇಲೆ ಬರುವ ಇಂಗ್ಲಿಷ್ ಪದ ಬೇರೆ. ಯಾವುದು ಸರಿ ಎಂಬ ವಾದ ಮುಗಿಯುವಂತಹುದಲ್ಲ. ಡಿಜಿಟಲ್ ಪುಟದಲ್ಲಿ ಪಠ್ಯಪುಸ್ತಕದ ರೂಪವನ್ನು ಮುಖ್ಯವಾಗಿಟ್ಟು, ಇನ್ನೊಂದು ರೂಪವನ್ನು ಮೊದಲ ವಾಕ್ಯದಲ್ಲಿಯೇ ಸೇರಿಸಿದರೆ ಹುಡುಕುವವರಿಗೆ ಎರಡೂ ದಾರಿಗಳಿಂದ ಪುಟ ಸಿಗುತ್ತದೆ. ‘ಕ್ಯಾಲ್ಸಿಯಂ’ ಮತ್ತು ‘ಕ್ಯಾಲ್ಸಿಯಮ್’ ಎಂಬ ಬರವಣಿಗೆಯ ವ್ಯತ್ಯಾಸವೂ ಹುಡುಕಾಟದಲ್ಲಿ ಪುಟವನ್ನು ಮರೆಮಾಡಬಲ್ಲದು.

ಲಿಪಿ ಮತ್ತು ಸಂಕೇತ

ಧಾತುಗಳ ಸಂಕೇತಗಳು ಜಗತ್ತಿನಾದ್ಯಂತ ರೋಮನ್ ಲಿಪಿಯಲ್ಲಿಯೇ ಇವೆ. ಅವನ್ನು ಕನ್ನಡಕ್ಕೆ ತರುವುದು ಸಾಧುವಲ್ಲ. ಆದರೆ ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ-ಚಿಕ್ಕಕ್ಷರಗಳ ಭೇದವಿಲ್ಲದಿರುವುದರಿಂದ ಒಂದು ವಿಶೇಷ ತೊಂದರೆ ಹುಟ್ಟುತ್ತದೆ. ‘ಸಿ’ ಮತ್ತು ‘ಒ’ ಅಕ್ಷರಗಳೆರಡನ್ನೂ ದೊಡ್ಡಕ್ಷರದಲ್ಲಿ ಬರೆದರೆ ಅದು ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲ. ಎರಡನೆಯದನ್ನು ಚಿಕ್ಕಕ್ಷರ ಮಾಡಿದರೆ ಕೋಬಾಲ್ಟ್ ಎಂಬ ಲೋಹ. ಇಂಗ್ಲಿಷನ್ನು ಕಡಿಮೆ ಬರೆದು ರೂಢಿಯಿರುವ ವಿದ್ಯಾರ್ಥಿಗೆ ಇದು ಕೇವಲ ಅಂದದ ವ್ಯತ್ಯಾಸವಾಗಿ ಕಾಣುತ್ತದೆ. ಸೋಡಿಯಂ, ಪೊಟ್ಯಾಸಿಯಂ, ಕಬ್ಬಿಣ, ಬೆಳ್ಳಿ, ಚಿನ್ನ ಇವುಗಳ ಸಂಕೇತಗಳು ನೇಟ್ರಿಯಂ, ಕೇಲಿಯಂ, ಫೆರಮ್, ಅರ್ಜೆಂಟಮ್, ಆರಮ್ ಎಂಬ ಲ್ಯಾಟಿನ್ ಹೆಸರುಗಳಿಂದ ಬಂದವು ಎಂದು ತಿಳಿಸದಿದ್ದರೆ ಬಾಯಿಪಾಠವೊಂದೇ ಗತಿಯಾಗುತ್ತದೆ. ಈ ಹೆಸರುಗಳ ಉಚ್ಚಾರಣೆಯನ್ನು ಒಂದು ನಿಮಿಷದ ಧ್ವನಿಮುದ್ರಣದಲ್ಲಿ ಕೊಡಬಹುದು. ಪುಸ್ತಕಕ್ಕೆ ಸಾಧ್ಯವಾಗದ ಕೆಲಸ ಇದು.

ತಾಂತ್ರಿಕವಾಗಿ ಹೆಚ್ಚು ಕಾಡುವುದು ಹಳೆಯ ಕಡತಗಳು. ಯುನಿಕೋಡ್ ರೂಢಿಗೆ ಬರುವ ಮೊದಲು ಶಾಲೆಗಳಲ್ಲಿ ಪ್ರಶ್ನೆಪತ್ರಿಕೆ, ಟಿಪ್ಪಣಿಗಳನ್ನು ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಸಿದ್ಧಪಡಿಸುತ್ತಿದ್ದರು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ, ಹುಡುಕಿದರೆ ಸಿಗುವುದಿಲ್ಲ, ದೃಷ್ಟಿಹೀನರಿಗಾಗಿ ಇರುವ ಓದುವ ತಂತ್ರಾಂಶವೂ ಅವನ್ನು ಓದಲಾರದು. ಪರಿವರ್ತಕಗಳಿಂದ ಯುನಿಕೋಡ್‌ಗೆ ತಂದಾಗ ಕನ್ನಡ ಬಹುಮಟ್ಟಿಗೆ ಸರಿಯಾಗುತ್ತದೆ, ಆದರೆ ನಡುವೆ ಇದ್ದ ರೋಮನ್ ಸೂತ್ರಗಳು ಕನ್ನಡ ಅಕ್ಷರಗಳಾಗಿ ಕೆಡುತ್ತವೆ ಅಥವಾ ಸಂಕೇತದ ಬುಡದಲ್ಲಿದ್ದ ಚಿಕ್ಕ ಅಂಕೆಗಳು ಸಾಲಿನ ಮಟ್ಟಕ್ಕೆ ಏರಿ ಕುಳಿತುಬಿಡುತ್ತವೆ. ನೀರಿನ ಸೂತ್ರದಲ್ಲಿ ಬುಡದ ಎರಡು ಅಂಕೆಗೂ, ಸೂತ್ರದ ಮುಂದೆ ಬರೆಯುವ ಎರಡು ಅಂಕೆಗೂ ಅರ್ಥವೇ ಬೇರೆ. ಮೊದಲನೆಯದು ಒಂದು ಅಣುವಿನೊಳಗಿನ ಪರಮಾಣುಗಳನ್ನೂ, ಎರಡನೆಯದು ಅಣುಗಳ ಸಂಖ್ಯೆಯನ್ನೂ ಹೇಳುತ್ತದೆ. ಆದುದರಿಂದ ಪರಿವರ್ತನೆಯ ನಂತರ ಸೂತ್ರಗಳನ್ನೆಲ್ಲ ಒಬ್ಬರು ಕುಳಿತು ಕೈಯಿಂದ ತಿದ್ದಬೇಕು. ಬೇಸರದ ಕೆಲಸ, ಆದರೆ ಅನಿವಾರ್ಯ.

ಸ್ಥಳೀಯ ಉದಾಹರಣೆ: ಚಿಪ್ಪಿನ ಸುಣ್ಣ

ಕೋಡಿ ಗ್ರಾಮವು ಪಂಚಗಂಗಾವಳಿಯು ಅರಬ್ಬೀ ಸಮುದ್ರವನ್ನು ಸೇರುವ ಅಳಿವೆಯ ದಕ್ಷಿಣಕ್ಕಿದೆ. ಎದುರು ದಡದಲ್ಲಿ ಗಂಗೊಳ್ಳಿ ಮೀನುಗಾರಿಕಾ ಬಂದರು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಕೀ ಎಂಬ ಐದು ನದಿಗಳ ನೀರು ಇಲ್ಲಿ ಕಡಲಿಗೆ ಇಳಿಯುತ್ತದೆ. ಇಂತಹ ಅಳಿವೆಗಳಲ್ಲಿ ಸಿಗುವ ಚಿಪ್ಪುಗಳನ್ನು ಸುಟ್ಟು ಸುಣ್ಣ ಮಾಡುವುದು ಕರಾವಳಿಯ ಹಳೆಯ ಕಸುಬು. ಹತ್ತನೆಯ ತರಗತಿಯ ‘ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು’ ಎಂಬ ಅಧ್ಯಾಯದ ಬಹುಭಾಗವನ್ನು ಈ ಒಂದು ಕಸುಬಿನಿಂದ ಕಲಿಸಬಹುದು.

ಚಿಪ್ಪಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದು ಒಡೆದು ಕ್ಯಾಲ್ಸಿಯಂ ಆಕ್ಸೈಡ್, ಅಂದರೆ ಸುಟ್ಟಸುಣ್ಣ, ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಇದು ವಿಭಜನ ಕ್ರಿಯೆ. ಕ್ಯಾಲ್ಸಿಯಂನ ಪರಮಾಣು ರಾಶಿ 40, ಇಂಗಾಲದ್ದು 12, ಆಮ್ಲಜನಕದ್ದು 16 ಎಂದು ಹಿಡಿದರೆ, 100 ಗ್ರಾಂ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ 56 ಗ್ರಾಂ ಸುಟ್ಟಸುಣ್ಣ ಸಿಗುತ್ತದೆ. ಉಳಿದ 44 ಗ್ರಾಂ ಗಾಳಿಗೆ ಸೇರುತ್ತದೆ. ಸುಟ್ಟ ಚಿಪ್ಪು ಹಗುರವಾಗುವುದು ಎಲ್ಲರಿಗೂ ಗೊತ್ತು. ಎಷ್ಟು ಹಗುರವಾಗುತ್ತದೆ, ಏಕೆ ಎಂಬುದನ್ನು ಪಾಠ ಹೇಳುತ್ತದೆ. ವಿಡಿಯೊದಲ್ಲಿ ಗೂಡಿನಿಂದ ಏಳುವ ಹೊಗೆಯನ್ನು ತೋರಿಸುವಾಗ ಎಚ್ಚರ ಬೇಕು: ಕಣ್ಣಿಗೆ ಕಾಣುವ ಹೊಗೆ ಇಂಗಾಲದ ಡೈಆಕ್ಸೈಡ್ ಅಲ್ಲ, ಅದು ಬಣ್ಣವಿಲ್ಲದ ಅನಿಲ.

ಸುಟ್ಟಸುಣ್ಣಕ್ಕೆ ನೀರು ಹಾಕಿದಾಗ ಕೊತಕೊತನೆ ಕುದಿದು ಅರಳುತ್ತದೆ. ಇದು ಸಂಯೋಗ ಕ್ರಿಯೆ, ಜೊತೆಗೆ ಬಹಿರುಷ್ಣಕ ಕ್ರಿಯೆ. 56 ಗ್ರಾಂ ಸುಟ್ಟಸುಣ್ಣ 18 ಗ್ರಾಂ ನೀರಿನೊಡನೆ ಸೇರಿ 74 ಗ್ರಾಂ ಅರಳಿದ ಸುಣ್ಣವಾಗುತ್ತದೆ. ಇದನ್ನು ಗೋಡೆಗೆ ಬಳಿದರೆ ಎರಡು ಮೂರು ದಿನಗಳಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಹೊಳಪು ಪಡೆಯುತ್ತದೆ. ಹಾಗೆ ನೋಡಿದರೆ ಸುಣ್ಣ ಬಳಿದ ಗೋಡೆಯೆಂದರೆ ಮತ್ತೆ ಚಿಪ್ಪಾದ ಚಿಪ್ಪು. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿದಾಗ ಅದು ಹಾಲಿನಂತಾಗುವುದಕ್ಕೂ ಇದೇ ಕಾರಣ. ಅದೇ ಸುಣ್ಣವನ್ನು ಅರಶಿನದೊಂದಿಗೆ ಕಲಸಿದರೆ ಆರತಿಯ ಕೆಂಪು ನೀರು. ಅರಶಿನ ಪ್ರತ್ಯಾಮ್ಲ ಸೂಚಕ ಎಂಬ ಮುಂದಿನ ಅಧ್ಯಾಯದ ಪಾಠ ಅಲ್ಲಿದೆ.

ಇಷ್ಟನ್ನು ಒಂದು ಘಟಕವಾಗಿ ಮಾಡುವುದಾದರೆ ಎರಡು ಮೂರು ನಿಮಿಷಗಳ ನಾಲ್ಕು ವಿಡಿಯೊ ತುಣುಕು, ಪ್ರತಿ ತುಣುಕಿಗೂ ಕಣಗಳ ಮಟ್ಟದ ಒಂದು ಚಿತ್ರ, ಸಮೀಕರಣ, ತೂಕದ ಲೆಕ್ಕದ ಒಂದು ಅಭ್ಯಾಸ ಸಾಕು. ಹದಿನೈದು ನಿಮಿಷಗಳ ಒಂದೇ ಉಪನ್ಯಾಸ ಮಾಡಿದರೆ ಯಾರೂ ಕೊನೆಯವರೆಗೆ ನೋಡುವುದಿಲ್ಲ, ಮತ್ತು ಒಂದು ತಪ್ಪು ಕಂಡುಬಂದರೆ ಇಡೀ ವಿಡಿಯೊವನ್ನು ಮತ್ತೆ ಮಾಡಬೇಕಾಗುತ್ತದೆ.

ಅಳಿವೆಯ ನೀರೂ ಇಂತಹುದೇ ಸಾಮಗ್ರಿ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳು ಕರಗಿರುತ್ತವೆ. 100 ಮಿಲಿಲೀಟರ್ ನೀರನ್ನು ಆವಿಯಾಗಿಸಿ ಉಳಿದುದನ್ನು ತೂಗಿದರೆ ಸುಮಾರು ಮೂರೂವರೆ ಗ್ರಾಂ ಸಿಗಬೇಕು. ಅಳಿವೆಯ ನೀರಿನಲ್ಲಿ ಮಳೆಗಾಲದಲ್ಲಿ ಇದು ಬಹಳ ತಗ್ಗಿ, ಬೇಸಿಗೆಯಲ್ಲಿ ಏರುತ್ತದೆ. ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ತೂಗಿ ಕೋಷ್ಟಕದಲ್ಲಿ ತುಂಬಿ ನಕ್ಷೆ ಬರೆದರೆ, ಅದೇ ಮುಂದಿನ ವರ್ಷದ ತಂಡಕ್ಕೆ ಡಿಜಿಟಲ್ ಸಾಮಗ್ರಿಯಾಗುತ್ತದೆ. ದೋಣಿಯ ಅಡಿಯ ತುಕ್ಕು, ಮುರಕಲ್ಲಿನ ಕೆಂಪು, ಪುನರ್ಪುಳಿಯ ಹುಳಿ ಇವೂ ಹೀಗೆಯೇ ಬಳಕೆಗೆ ಬರುತ್ತವೆ. ಫೆಟ್‌ನ ಪಿಎಚ್ ಸಿಮ್ಯುಲೇಶನ್‌ನಲ್ಲಿ ಕಾಫಿ, ಹಾಲು, ಕೋಳಿಯ ಸೂಪು, ಕಿತ್ತಳೆರಸಗಳಿವೆ. ಪದಗಳನ್ನು ಕನ್ನಡಕ್ಕೆ ತಿರುಗಿಸಿದರೂ ಮಜ್ಜಿಗೆ ಅಲ್ಲಿಗೆ ಬರುವುದಿಲ್ಲ. ಅದನ್ನು ಶಿಕ್ಷಕರೇ ತರಬೇಕು.

ಪ್ರಯೋಗ ಮತ್ತು ಸುರಕ್ಷತೆ

ಪರದೆಯ ಪ್ರಯೋಗ ಕೈಯ ಪ್ರಯೋಗಕ್ಕೆ ಬದಲಿಯಾಗಲಾರದು. ಅಮೋನಿಯದ ಘಾಟು, ಸುಣ್ಣ ಅರಳುವಾಗಿನ ಕಾವು ಪರದೆಯಿಂದ ಬರುವುದಿಲ್ಲ. ದಾಸವಾಳದ ರಸ, ನಿಂಬೆರಸ, ಸೋಪಿನ ನೀರು ಇವುಗಳಿಂದ ಸುಲಭವಾಗಿ ಮಾಡಬಹುದಾದ ಸೂಚಕದ ಪ್ರಯೋಗವನ್ನು ಸಿಮ್ಯುಲೇಶನ್‌ನಲ್ಲಿ ತೋರಿಸಿ ಮುಗಿಸುವುದು ಸೋಮಾರಿತನವೇ ಸರಿ. ಸೋಡಿಯಂ ಲೋಹವನ್ನು ನೀರಿಗೆ ಹಾಕುವುದು, ಪ್ರಬಲ ಗಂಧಕಾಮ್ಲವನ್ನು ಸಾರರಿಕ್ತಗೊಳಿಸುವುದು ಮುಂತಾದ ಅಪಾಯಕರ ಪ್ರಯೋಗಗಳಿಗೆ ವಿಡಿಯೊ ಸರಿಯಾದ ಮಾಧ್ಯಮ. ಆಮ್ಲವನ್ನು ನೀರಿಗೆ ನಿಧಾನವಾಗಿ ಸುರಿಯಬೇಕು, ನೀರನ್ನು ಆಮ್ಲಕ್ಕೆ ಸುರಿಯಬಾರದು ಎಂಬುದನ್ನು ಅಲ್ಲಿ ಕಾರಣಸಹಿತ ತೋರಿಸಬಹುದು. ಮನೆಯಲ್ಲಿ ಒಬ್ಬರೇ ನೋಡುವ ವಿದ್ಯಾರ್ಥಿಗಳಿಗೆ ಎಚ್ಚರಿಕೆಗಳು ಆರಂಭದಲ್ಲಿಯೇ ಇರಬೇಕು: ಸುಟ್ಟಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೆ ಹಾನಿ, ಶೌಚಾಲಯ ತೊಳೆಯುವ ಆಮ್ಲವನ್ನು ಬ್ಲೀಚಿಂಗ್ ಪುಡಿಯೊಂದಿಗೆ ಬೆರೆಸಿದರೆ ಕ್ಲೋರಿನ್ ವಿಷಾನಿಲ ಹೊರಡುತ್ತದೆ.

ಪರವಾನಗಿ

ಅಂತರಜಾಲದಲ್ಲಿ ಕಂಡ ಚಿತ್ರವನ್ನು ಎತ್ತಿ ಪಾಠಕ್ಕೆ ಅಂಟಿಸುವುದು ಹಲವರ ರೂಢಿ. ತರಗತಿಯೊಳಗೆ ಅದು ನಡೆದುಹೋಗಬಹುದು. ಸಾರ್ವಜನಿಕವಾಗಿ ಪ್ರಕಟಿಸಿದಾಗ ಹಕ್ಕುಸ್ವಾಮ್ಯದ ಉಲ್ಲಂಘನೆಯಾಗುತ್ತದೆ. ಪಠ್ಯಪುಸ್ತಕದ ಚಿತ್ರಗಳಿಗೂ ಈ ಮಾತು ಅನ್ವಯಿಸುತ್ತದೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಲ್ಲಿ ಕೆಲವು ಹೆಸರು ಸೂಚಿಸಿ ಯಾವುದೇ ಬಳಕೆಗೆ ಅವಕಾಶ ಕೊಡುತ್ತವೆ, ಕೆಲವು ವಾಣಿಜ್ಯ ಬಳಕೆಯನ್ನು ನಿಷೇಧಿಸುತ್ತವೆ. ಎರಡನೆಯ ಬಗೆಯದನ್ನು ವಿಕಿಪೀಡಿಯಕ್ಕೆ ಸೇರಿಸುವಂತಿಲ್ಲ. ಮೈಸೂರು ವಿಶ್ವವಿದ್ಯಾಲಯವು ತನ್ನ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದುದರಿಂದ ಅದರ ವಿಜ್ಞಾನ ಲೇಖನಗಳು ಪಾಠ ಬರೆಯುವವರಿಗೆ ನೇರವಾಗಿ ಒದಗುತ್ತವೆ.

ಪರೀಕ್ಷೆ ಮತ್ತು ನಿರ್ವಹಣೆ

ಸಿದ್ಧವಾದ ಪಾಠವನ್ನು ಪ್ರಕಟಿಸುವ ಮುನ್ನ ಮೂರು ನಾಲ್ಕು ವಿದ್ಯಾರ್ಥಿಗಳಿಗೆ ಕೊಟ್ಟು, ಅವರು ಬಳಸುವುದನ್ನು ಪಕ್ಕದಲ್ಲಿ ಕುಳಿತು ಮೌನವಾಗಿ ನೋಡುವುದು ಉತ್ತಮ ಪರೀಕ್ಷೆ. ‘ಅರ್ಥವಾಯಿತೇ?’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ‘ಗುಳ್ಳೆಯೊಳಗೆ ಏನಿದೆ, ಚಿತ್ರ ಬರೆ’ ಎಂದರೆ ನಿಜ ತಿಳಿಯುತ್ತದೆ. ಪಾಠವು ಕಡಿಮೆ ಬೆಲೆಯ ಮೊಬೈಲಿನಲ್ಲಿ ತೆರೆಯುತ್ತದೆಯೇ, ಇಂಟರ್ನೆಟ್ ಇಲ್ಲದೆ ಉಳಿಸಿಕೊಂಡು ನೋಡಬಹುದೇ, ಬಣ್ಣದ ಭೇದ ಕಾಣದವರಿಗೆ ಲಿಟ್ಮಸ್‌ನ ಕೆಂಪು-ನೀಲಿಗಳನ್ನು ಅಕ್ಷರದಲ್ಲಿಯೂ ಗುರುತಿಸಿದೆಯೇ ಎಂಬುದನ್ನೂ ಆಗಲೇ ನೋಡಬೇಕು.

ಡಿಜಿಟಲ್ ಪಾಠಗಳಿಗೂ ಮುಪ್ಪು ಇದೆ. ಹಿಂದೆ ಬಹಳಷ್ಟು ಅನಿಮೇಶನ್‌ಗಳನ್ನು ಅಡೋಬಿ ಫ್ಲ್ಯಾಶ್‌ನಲ್ಲಿ ಮಾಡಲಾಗಿತ್ತು. 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲ ನಿಂತು, ಅವು ಸಾಮಾನ್ಯ ಬ್ರೌಸರ್‌ಗಳಲ್ಲಿ ತೆರೆಯದಂತಾದವು. ಮೂಲ ಕಡತ ಇದ್ದವರು ಬೇರೆ ರೂಪಕ್ಕೆ ತಂದುಕೊಂಡರು, ಇಲ್ಲದವರು ಮತ್ತೆ ಮೊದಲಿನಿಂದ ಬಿಡಿಸಬೇಕಾಯಿತು. ಪಠ್ಯಕ್ರಮವೂ ಬದಲಾಗುತ್ತದೆ: ಎನ್‌ಸಿಇಆರ್‌ಟಿಯು 2022-23ರಲ್ಲಿ ಪಠ್ಯವನ್ನು ತಗ್ಗಿಸಿದಾಗ ಹತ್ತನೆಯ ತರಗತಿಯ ಧಾತುಗಳ ಆವರ್ತನೀಯ ವರ್ಗೀಕರಣದ ಅಧ್ಯಾಯ ಬಿಟ್ಟುಹೋಯಿತು. ಅಧ್ಯಾಯದ ಸಂಖ್ಯೆಯನ್ನು ಹೆಸರಾಗಿಟ್ಟುಕೊಂಡ ಪಾಠಗಳು ಇಂತಹ ಬದಲಾವಣೆಯಲ್ಲಿ ದಿಕ್ಕು ತಪ್ಪುತ್ತವೆ. ಪರಿಕಲ್ಪನೆಯ ಹೆಸರಿನಲ್ಲಿ ಇರಿಸಿದವು ಹಾಗೆಯೇ ಬಳಕೆಯಲ್ಲಿ ಉಳಿಯುತ್ತವೆ. ವಿಡಿಯೊದ ಜೊತೆಗೆ ಅದರ ಬರಹರೂಪ, ಚಿತ್ರದ ತಿದ್ದಬಲ್ಲ ಮೂಲ, ಧ್ವನಿಯ ಪ್ರತ್ಯೇಕ ಕಡತ ಈ ಮೂರನ್ನೂ ಸೇರಿಸಿ ಇಟ್ಟರೆ ಮುಂದೆ ಬರುವ ಶಿಕ್ಷಕರು ಒಂದು ಪದವನ್ನು ತಿದ್ದಲು ಇಡೀ ಪಾಠವನ್ನು ಹೊಸದಾಗಿ ಮಾಡಬೇಕಾಗುವುದಿಲ್ಲ.